ಪೆದ್ದ ಆಟು

ಮೊಗಿಲಿ ಘಾಟಿ ಇಳಿಯುವ ಹೊತ್ತಿಗೇ ಕೋದಂಡಪ್ಪನವರಿಗೆ ಈ ಪ್ರಯಾಣ ಸಾಕೋ ಸಾಕು ಅನ್ನಿಸಿಬಿಟ್ಟಿತ್ತು. ಹೆಲ್ಮೆಟ್ಟಿನೊಳಗೆ ತಲೆ ಒಲೆಯ ಮೇಲಿನ ಗಡಿಗೆಯ ಹಾಗೆ ಬೇಯುತ್ತಿತ್ತು. ಕಾಲು ಮಡಿಸಿದರೆ ಮಂಡಿ ನೋವು, ಚಾಚಿದರೆ ಸೈಲೆನ್ಸರ್ ಸುಡುತ್ತಿತ್ತು. ತೊಡೆಯ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಪುಟ್ಟ ಮಣ್ಣಿನ ಕುಡಿಕೆ. ಅದನ್ನು ಎರಡು ಕೈಯಲ್ಲೂ ಹಿಡಿದಿದ್ದರಿಂದ ಬೈಕನ್ನು ಹಿಡಿದುಕೊಳ್ಳಲು ಕೈಯೇ ಉಳಿದಿರಲಿಲ್ಲ. ಇಷ್ಟು ಸಾಲದು ಎಂಬಂತೆ ಮುಂದೆ ಕೂತ ಅಳಿಯ ಗಾಳಿಯ ಜೊತೆ ಮಾತಾಡುತ್ತಿದ್ದ.

“ವಣಕ್ಕಂ ಫ್ರೆಂಡ್ಸ್, ನಮಸ್ಕಾರ ಫ್ರೆಂಡ್ಸ್. ನಾನು ನಿಮ್ಮ ಕೆಜಿಎಫ್ ಸೆಲ್ವ. ಇವತ್ತು ಬುಲೆಟ್ಟಲ್ಲಿ ನಮ್ಮ ಮಾಮ ಇದಾರೆ. ಮಾಮ, ಒಂದು ಹಾಯ್ ಹೇಳಿ.”

“ನೀವು ರಸ್ತೆ ನೋಡ್ಕಂಡು ಓಡ್ಸಿ,” ಎಂದರು ಕೋದಂಡಪ್ಪ.

“ಮಾಮ ತುಂಬ ಜಾಲಿ ಮೂಡಲ್ಲಿ ಇದಾರೆ ಫ್ರೆಂಡ್ಸ್.”

ಸೆಲ್ವರಾಜನ ಹೆಲ್ಮೆಟ್ಟಿನ ನೆತ್ತಿಗೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ಅಂಟಿಕೊಂಡಿತ್ತು. ಅವನದು ರಾಬರ್ಟ್‌ಸನ್‌ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಅವನ ತಾತ ಅಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ನೆಲದೊಳಗೆ ಇಳಿದು ಸೂರ್ಯನನ್ನೇ ಕಾಣದೆ ದುಡಿದವನು. ಮೊಮ್ಮಗನಿಗೆ ಮಾತ್ರ ವಾರಕ್ಕೊಂದು ಸಲವಾದರೂ ಬಯಲು ಬೇಕು, ಅದರಲ್ಲೂ ಸಮುದ್ರ ಬೇಕು. ಯಾರೂ ಹೋಗದ ಕಡಲ ದಂಡೆಗಳನ್ನು ಹುಡುಕಿಕೊಂಡು ಬೈಕಿನಲ್ಲಿ ಹೋಗುವುದು, ಅದನ್ನು ಫೋನಿನಲ್ಲಿ ಜನಕ್ಕೆ ತೋರಿಸುವುದು. ಆ ಜನ ಯಾರೋ ಕೋದಂಡಪ್ಪನವರಿಗೆ ತಿಳಿಯದು. ಅವರ ಮಗಳು ಕಲಾ ಒಬ್ಬಳಂತೂ ನೋಡುತ್ತಿದ್ದಳು.

ಕಲಾ ಇವನನ್ನು ತಾನೇ ನೋಡಿ, ತಾನೇ ಒಪ್ಪಿ ಮದುವೆಯಾದಳು. ಅಂದಿನಿಂದ ಕೋದಂಡಪ್ಪನವರು ಅವನನ್ನು ‘ನೀವು’ ಎಂದೇ ಕರೆಯುತ್ತ ಬಂದಿದ್ದರು. ಅಳಿಯನಿಗೆ ಬಹುವಚನ ಸಲ್ಲುವುದೇ ಸರಿ. ಆದರೆ ಬಹುವಚನದಲ್ಲಿ ಎರಡು ಬಗೆಯುಂಟು: ಒಳಗೆ ಕರೆದು ಮಣೆ ಹಾಕುವುದೊಂದು, ಹೊಸಿಲಲ್ಲೇ ನಿಲ್ಲಿಸಿ ಮಾತಾಡಿಸುವುದೊಂದು. ಸೆಲ್ವರಾಜನಿಗೆ ಸಿಕ್ಕಿದ್ದು ಎರಡನೆಯದು.

ಕುಡಿಕೆಯಲ್ಲಿ ಇದ್ದದ್ದು ಕೋದಂಡಪ್ಪನವರ ಹೆಂಡತಿ ನರಸಮ್ಮನ ಅಸ್ಥಿ. ಒಂದು ಪಾಲನ್ನು ಕ್ರಮದಂತೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟಾಗಿತ್ತು. ಇನ್ನೊಂದು ಹಿಡಿಯನ್ನು ಕುಡಿಕೆಗೆ ಹಾಕಿ, ತೋಟದ ಬೇವಿನ ಮರಕ್ಕೆ ಕಟ್ಟಿ, ದಿನಾ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆ ಅದರ ಕೆಳಗೆ ಒಂದು ದೀಪ ಹಚ್ಚಿಡುತ್ತಿದ್ದರು. ಅದು ಸಮುದ್ರಕ್ಕೆ ಅಂತ ಮುಡಿಪು. ಅದೂ ಎಂಥ ಸಮುದ್ರಕ್ಕೆ?

ಸಮುದ್ರವೇ ಬೇಕಾದರೆ ಬಂಗಾರಪೇಟೆಯಲ್ಲಿ ರೈಲು ಹತ್ತಿ ಮದ್ರಾಸಿನಲ್ಲಿ ಇಳಿದರೆ ಮುಗಿಯಿತು. ಹಿಂದೊಮ್ಮೆ ಕಣ್ಣಿನ ಆಪರೇಷನ್ನಿಗೆಂದು ಹೋದಾಗ ಗಂಡ ಹೆಂಡಿರಿಬ್ಬರೂ ಅಲ್ಲಿನ ಸಮುದ್ರ ನೋಡಿ ಬಂದಿದ್ದರು. ಬಜ್ಜಿ ಅಂಗಡಿ, ಬಲೂನಿನವನು, ಕುದುರೆ ಸವಾರಿ. ನರಸಮ್ಮ ಮೂಗಿಗೆ ಸೆರಗು ಹಿಡಿದು, “ಇದೇನ್ ಸಮುದ್ರವೋ ಸಂತೆಯೋ? ಗಂಗಮ್ಮ ಇಲ್ಲಿ ಎಂಗೆ ಉಸಿರಾಡ್ತಾಳೆ?” ಎಂದಿದ್ದಳು. ಆಮೇಲೊಂದು ದಿನ ಅಳಿಯನ ಫೋನಿನಲ್ಲಿ ಒಂದು ಜಾಗ ನೋಡಿದಳು. ನಾಯುಡುಪೇಟೆಯ ಆಚೆ, ಆಂಧ್ರದ ಕರಾವಳಿಯಲ್ಲಿ, ಊರು ಕೇರಿ ಒಂದೂ ಇಲ್ಲದ ಮರಳಿನ ದಿಣ್ಣೆ. ಒಂದು ಕಡೆ ಸರ್ವೆ ಮರಗಳು, ಒಂದು ಕಡೆ ನೀರು. ಮನುಷ್ಯನ ಹೆಜ್ಜೆ ಗುರುತು ಕೂಡ ಇಲ್ಲ. “ಸಂಕ್ರಾಂತಿ ಕಳೀಲಿ, ನನ್ನ ಇಲ್ಲಿಗೆ ಕರ್ಕಂಡೋಗಪ್ಪ,” ಎಂದಳು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅದನ್ನೇ ಕೇಳಿದಳು. ಸಂಕ್ರಾಂತಿ ಕಳೆಯಿತು, ಅವಳೇ ಇರಲಿಲ್ಲ.

ಹಾಗಾಗಿ ಈ ಬೈಕು. ಹಾಗಾಗಿ ಈ ಅಳಿಯ. ವರ್ಷ ತುಂಬುವುದರೊಳಗೆ ಆ ಜಾಗದಲ್ಲೇ ಬಿಡಬೇಕು. ಪರ್ವಕಾಲವಲ್ಲದೆ ಸಮುದ್ರವನ್ನು ಮುಟ್ಟಬಾರದು, ಆದ್ದರಿಂದ ಪುಷ್ಯದ ಅಮಾವಾಸ್ಯೆಯೇ ಆಗಬೇಕು. ಸೂರ್ಯ ಮುಳುಗುವ ಮುಂಚೆ ಆಗಬೇಕು. ಇದಿಷ್ಟನ್ನೂ ಕೋದಂಡಪ್ಪನವರು ಪಂಚಾಂಗ ನೋಡಿ ಗೊತ್ತುಮಾಡಿದ್ದರು. ಹಸುಗಳನ್ನು ಪಕ್ಕದ ಹೊಲದ ಕದಿರಪ್ಪನಿಗೆ ಒಪ್ಪಿಸಿ, ಕಲಾ ಕಟ್ಟಿಕೊಟ್ಟ ಹುಳಿಯನ್ನದ ಡಬ್ಬಿಯನ್ನು ಬ್ಯಾಗಿಗೆ ತುರುಕಿ, ಬೈಕು ಹತ್ತಿದ್ದರು.

ರಾತ್ರಿ ಕಾಳಹಸ್ತಿಯ ಛತ್ರದಲ್ಲಿ ಕಳೆಯಿತು. ಅಮಾವಾಸ್ಯೆಯ ಬೆಳಿಗ್ಗೆ ಸ್ವಾಮಿಯ ಗೋಪುರಕ್ಕೆ ಕೈಮುಗಿದು, ಉಪವಾಸವೇ ಹೊರಟರು. ನಾಯುಡುಪೇಟೆ ದಾಟಿದ ಮೇಲೆ ನೆಲ ತಟ್ಟೆಯ ಹಾಗಾಯಿತು. ಸೀಗಡಿ ಸಾಕುವ ಹೊಂಡಗಳು, ಉಪ್ಪಿನ ಮಡಿಗಳು, ಅಲ್ಲೊಂದು ಇಲ್ಲೊಂದು ತಾಳೆಮರ. ಟಾರು ಮುಗಿದು ಕೆಮ್ಮಣ್ಣಾಯಿತು. ಕೆಮ್ಮಣ್ಣು ಮುಗಿದು ಮರಳಾಯಿತು. ಮರಳಿನಲ್ಲಿ ಬುಲೆಟ್ಟು ಮೂರು ಕಡೆ ಅಡ್ಡ ಬಿತ್ತು. ಮೂರು ಸಲವೂ ಕೋದಂಡಪ್ಪನವರು ಕುಡಿಕೆಯನ್ನು ಮೇಲೆತ್ತಿ ಹಿಡಿದುಕೊಂಡೇ ಕೆಳಗೆ ಬಿದ್ದರು.

“ಕೊಡಿ ಮಾಮ, ನನ್ನ ಬ್ಯಾಗಲ್ಲಿ ಇಡ್ತೀನಿ. ಟೆನ್ಷನ್ನೇ ಇರಲ್ಲ.”

“ನೀವು ಮುಟ್ಬೇಡಿ.”

ಸೆಲ್ವರಾಜ ಕೈ ಹಿಂದಕ್ಕೆ ತೆಗೆದುಕೊಂಡ. ತಿಥಿ ಕರ್ಮಗಳ ದಿನಗಳಲ್ಲೂ ಅವನು ಹೀಗೆಯೇ, ಅಂಗಳದ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದ. ಕುರ್ಚಿ ಹಾಕುವುದು, ನೀರು ಕೊಡುವುದು, ಇಂಥವನ್ನೆಲ್ಲ ಮಾಡಿದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ಕೊನೆಗೆ ಒಂದು ಕಡೆ ದಾರಿಯೇ ನಿಂತುಹೋಯಿತು. ಎದುರಿಗೆ ನೀರು. ಸಮುದ್ರವಲ್ಲ, ಸಮುದ್ರದಿಂದ ಒಳಕ್ಕೆ ಚಾಚಿಕೊಂಡ ಉಪ್ಪುನೀರಿನ ಹಳ್ಳ. ಕೆರೆ ಕೋಡಿಯಷ್ಟು ಅಗಲ, ಬಣ್ಣ ರಾಗಿ ಅಂಬಲಿಯದು. ಹಳ್ಳದ ಆಚೆ ಸರ್ವೆ ಮರಗಳು. ಮರಗಳ ಆಚೆಯಿಂದ ಸಮುದ್ರದ ಸದ್ದು ಕೇಳುತ್ತಿತ್ತು.

“ಫೋನಲ್ಲಿ ರೋಡ್ ತೋರಿಸ್ತಿದೆ ಮಾಮ. ಹೋದ ಸಲ ಬಂದಾಗ ಇಲ್ಲಿ ನೀರೇ ಇರಲಿಲ್ಲ. ಸತ್ಯಮಾ ಇರಲಿಲ್ಲ.”

“ನೀರು ನಿಮ್ಮ ಫೋನ್ ನೋಡ್ಕಂಡು ಅರೀತದಾ?”

ಹಳ್ಳದ ಪಕ್ಕದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಹಾಸಿದ ಬಲೆಯಲ್ಲಿ ಸಣ್ಣ ಮೀನು ಒಣಗಿಸುತ್ತಿದ್ದಳು. ಸೆಲ್ವರಾಜ ತಮಿಳಿನಲ್ಲಿ ಏನೋ ಕೇಳಹೋದ. ಕೋದಂಡಪ್ಪನವರು ಅವನನ್ನು ಪಕ್ಕಕ್ಕೆ ಸರಿಸಿದರು. “ನೀವಿರಿ. ಇದು ತೆಲುಗು ದೇಶ. ನಮ್ಮ ಮನೇಲಿ ಅರ್ಧ ಮಾತು ತೆಲುಗೇ. ನಾ ಕೇಳ್ತೀನಿ.”

ಕೇಳಿದರು. ಹೆಂಗಸು ತಲೆಯೆತ್ತದೆ ಹೇಳಿದಳು: “ಇಪ್ಪುಡು ದಾಟಲೇರು. ಆಟು ರಾನೀಂಡಿ, ಅಪ್ಪುಡು ಪೋಂಡಿ.”

“ಏನಂತೆ ಮಾಮ?”

“ಈಗ ದಾಟಕ್ಕಾಗಲ್ಲ, ಆಟೋ ಬರಲಿ, ಆಗ ಓಗಿ ಅಂತಾಳೆ.”

ಸೆಲ್ವರಾಜ ಹಿಂದೆ ತಿರುಗಿ ತಾವು ಬಂದ ದಾರಿಯನ್ನು ನೋಡಿದ. “ಇಲ್ಲಿಗೆ ಆಟೋನಾ?”

“ಇವರಿಗೂ ಓಡಾಡಕ್ಕೆ ಏನಾರ ಬ್ಯಾಡ್ವಾ? ಇಲ್ಲೇ ಉಟ್ಟಿ ಬೆಳೆದೋಳು ಏಳ್ತಾವ್ಳೆ.”

“ಆಟೋ ನೀರು ಹೆಂಗೆ ದಾಟುತ್ತೆ ಮಾಮ?”

“ಅದಕ್ಕೆ ದಾರಿ ಗೊತ್ತಿರ್ತದೆ. ಬೇರೆ ಕಡೆಯಿಂದ ಸುತ್ತಾಕ್ಕಂಡು ಓಯ್ತದೆ.”

ಇಬ್ಬರೂ ತಾಳೆಮರದ ನೆರಳಿಗೆ ಹೋಗಿ ಕೂತರು. ತಾಳೆಮರದ ನೆರಳು ಎಷ್ಟಿರುತ್ತದೆ? ಒಬ್ಬರ ತಲೆಗೆ ಆದರೆ ಇನ್ನೊಬ್ಬರ ಕಾಲಿಗೆ ಇಲ್ಲ. ಅದು ಸರಿದ ಹಾಗೆ ಇವರೂ ಸರಿಯುತ್ತ ಹೋದರು. ಕೋದಂಡಪ್ಪನವರು ಕುಡಿಕೆಗೆ ಬಿಸಿಲು ಬೀಳದಂತೆ ಟವೆಲ್ಲು ಹೊದಿಸಿ, ಮನಸ್ಸಿನಲ್ಲೇ ವಿಷ್ಣುವಿನ ನಾಮ ಹೇಳಿಕೊಳ್ಳಲು ತೊಡಗಿದರು. ಎಷ್ಟು ಸಲ ತೊಡಗಿದರೂ ಅರ್ಧಕ್ಕೇ ‘ಆಟೋ ಎಲ್ಲಿ ಸತ್ತಿತೋ’ ಎಂಬ ಮಾತು ನಡುವೆ ನುಗ್ಗುತ್ತಿತ್ತು. ದೇವರ ನಾಮದ ಮಧ್ಯೆ ಸತ್ತಿತು ಎನ್ನಬಾರದೆಂದು ಮತ್ತೆ ಮೊದಲಿನಿಂದ ಶುರುಮಾಡುವರು.

ಹೊತ್ತು ಏರಿತು. ದಾರಿಯಲ್ಲಿ ಒಂದು ನಾಯಿ ಬಂತು, ಹೋಯಿತು. ಸ್ವಲ್ಪ ದೂರದಲ್ಲಿ ದೋಣಿಯ ನೆರಳಲ್ಲಿ ಒಬ್ಬ ಬಲೆ ಹೊಲಿಯುತ್ತಿದ್ದ. ಕೋದಂಡಪ್ಪನವರು ಎದ್ದು ಅವನ ಹತ್ತಿರ ಹೋದರು.

ಆಟು ಯಾವಾಗ ಬರುತ್ತದೆಂದು ಕೇಳಿದರು. ಮಧ್ಯಾಹ್ನಕ್ಕೆ ಬರುತ್ತದೆ ಎಂದ. “ಈ ಪೊದ್ದು ಅಮಾಸ ಗದಾ, ಪೆದ್ದ ಆಟು,” ಎಂದೂ ಸೇರಿಸಿದ.

ಅದರಲ್ಲಿ ನಮ್ಮ ಬೈಕು ಹೋಗುತ್ತದೆಯೇ? ಬೇಷಾಗಿ ಹೋಗುತ್ತದೆ.

ತಪ್ಪದೆ ಬರುತ್ತದೆಯೇ? ಅವನು ಸೂಜಿ ನಿಲ್ಲಿಸಿ ಇವರ ಮುಖ ನೋಡಿದ. ಅದು ತಪ್ಪಿದ್ದು ತನ್ನ ತಾತನ ಕಾಲದಲ್ಲೂ ಇಲ್ಲ ಎಂದ.

“ಎವುರು ತೋಲ್ತಾರು?” ಎಂದರು ಕೋದಂಡಪ್ಪ. ಓಡಿಸುವವರು ಯಾರು?

ಅವನಿಗೆ ಈ ಮುದುಕ ಯಾವುದೋ ವೇದಾಂತ ತೆಗೆದ ಅನ್ನಿಸಿರಬೇಕು. ಆಕಾಶದ ಕಡೆ ಸೂಜಿ ತೋರಿಸಿ, “ಎವುರು ತೋಲ್ತಾರು ಸಾಮೀ? ದೇವುಡೇ,” ಎಂದ.

ಕೋದಂಡಪ್ಪನವರು ಸಮಾಧಾನದಿಂದ ವಾಪಸು ಬಂದರು. “ಅಮಾಸೆ ಅಂತ ಇವತ್ತು ದೊಡ್ಡ ಆಟೋನೇ ಬತ್ತದಂತೆ. ಏಳೆಂಟು ಜನ ಕೂರೋ ಅಂಥದ್ದಿರಬೇಕು. ಬೈಕೂ ಇಡಿಸ್ತದಂತೆ. ಡ್ರೈವರ್ ಎಸರು ದೇವುಡು.”

“ಫೋನ್ ನಂಬರ್ ಕೇಳಿದ್ರಾ ಮಾಮ?”

ಅದು ಅವರಿಗೆ ಹೊಳೆದಿರಲಿಲ್ಲ. ಹೊಳೆಯಲಿಲ್ಲವೆಂದು ಹೇಳುವುದಕ್ಕೆ ಮನಸ್ಸಾಗಲಿಲ್ಲ. “ದೇವುಡು ಅನ್ನೋನು ತಾತನ ಕಾಲದಿಂದ ಓಡ್ಸೋನಂತೆ. ವಯಸ್ಸಾದೋನು. ಫೋನ್ ಇಟ್ಕಂಡಿರಲ್ಲ,” ಎಂದರು.

ಸೆಲ್ವರಾಜ ಕ್ಯಾಮೆರಾ ತೆಗೆದು, “ಫ್ರೆಂಡ್ಸ್, ಈಗ ನಾವು ದೇವುಡು ಅಣ್ಣನ ಆಟೋಗೆ ಕಾಯ್ತಾ ಇದೀವಿ,” ಎಂದ. ಅದಕ್ಕೂ ಬೇಸರ ಬಂದು ಕ್ಯಾಮೆರಾ ಮುಚ್ಚಿ, ಟೋಪಿಯನ್ನು ಮುಖಕ್ಕೆ ಹಾಕಿಕೊಂಡು ಮಲಗಿದ. ಇಬ್ಬರೂ ಬೆನ್ನು ಹಾಕಿದ್ದು ಹಳ್ಳಕ್ಕೆ, ಮುಖ ಮಾಡಿದ್ದು ರಸ್ತೆಗೆ. ಆಟೋ ಬರುವುದು ರಸ್ತೆಯ ಕಡೆಯಿಂದ ತಾನೇ?

ಮಧ್ಯಾಹ್ನವಾಯಿತು. ಸೂರ್ಯ ನೆತ್ತಿಯಿಂದ ಪಡುವಣಕ್ಕೆ ವಾಲಿದ. ಸೆಲ್ವರಾಜ ಎದ್ದು ಕೂತು ರಸ್ತೆ ನೋಡಿದ, ಮಾವನನ್ನು ನೋಡಿದ.

“ಮಾಮ, ಒಂದು ಮಾತು. ಹಿಂದಕ್ಕೆ ಹೋದ್ರೆ ಒಳ್ಳೆ ಬೀಚ್ ಒಂದಿದೆ. ಟಾರ್ ರೋಡ್, ಪಾರ್ಕಿಂಗು, ಎಲ್ಲ ಇದೆ. ಬೆಳಕಿರೋವಾಗ್ಲೇ ಮುಗಿಸಿಬಿಡೋಣ. ನೀವು ಬೆಳಿಗ್ಗೆಯಿಂದ ನೀರು ಕೂಡ ಕುಡಿದಿಲ್ಲ.”

“ಅಲ್ಲಿ ಬಜ್ಜಿ ಅಂಗಡಿ ಅದಾ?”

“ಇರುತ್ತೆ ಮಾಮ. ಯಾಕೆ, ಹಸಿವಾ?”

ಕೋದಂಡಪ್ಪನವರಿಗೆ ನಿನ್ನೆಯಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೇ ಬಂತು. “ಅಸಿವಾ? ಲೇ, ಅಸಿವಂತೆ. ಆ ಬಜ್ಜಿ ಅಂಗ್ಡಿ ಬ್ಯಾಡ ಅಂತಾನೇ ಅಲ್ವೇನ್ಲಾ ಅವಳು ನಿನ್ನ ಜಾಗ ಕೇಳಿದ್ದು? ನೀನೇ ತಾನೆ ಆ ಆಳಾದ ಫೋನಲ್ಲಿ ತೋರ್ಸಿ ಆಸೆ ಅಚ್ಚಿದ್ದು? ರಸ್ತೆ ಐತೆ ಅಂದೆ, ಇಲ್ಲ. ನೀರಿಲ್ಲ ಅಂದೆ, ಐತೆ. ಈಗ ಪಾರ್ಕಿಂಗ್ ಐತೆ ಅಂತೀಯ. ಅವಳೇನ್ ಕಾರ್ ತಂದವ್ಳಾ ನಿಲ್ಸಕ್ಕೆ?”

ಸೆಲ್ವರಾಜನೂ ಮನುಷ್ಯನೇ. “ನಾನೇನ್ ಮಾಡ್ಲಿ ಮಾಮ? ಅಮಾವಾಸ್ಯೇನೇ ಆಗ್ಬೇಕು ಅಂದೋರು ನೀವು. ಆಟೋ ಬರುತ್ತೆ ಅಂದೋರು ನೀವು. ಎಲ್ಲಿದಾನೆ ನಿಮ್ಮ ದೇವುಡು? ನನಗೂ ಅತ್ತೆ ತಾನೇ ಅವ್ರು? ನನ್ನ ತಟ್ಟೆಗೆ ಅನ್ನ ಹಾಕ್ತಿದ್ದೋರು ಆ ಮನೇಲಿ ಅವರೊಬ್ರೇ.”

ಕೋದಂಡಪ್ಪನವರು ಕುಡಿಕೆಯ ಮೇಲಿನ ಟವೆಲ್ಲನ್ನು ಸರಿಮಾಡಿದರು. ಅಷ್ಟರಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು, ಹಳ್ಳದ ಕಡೆಯಿಂದ ಇವರತ್ತ ನಡೆದು ಬಂದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಕಾಲಿಗೆಲ್ಲ ಕೆಸರು.

“ಇಂಕಾ ಈಡೇ ಉಂಡಾರಾ? ಆಟು ಒಚ್ಚಿ ಎಂತ ಸೇಪಾಯ,” ಎಂದಳು. ಇನ್ನೂ ಇಲ್ಲೇ ಇದ್ದೀರಾ? ಆಟು ಬಂದು ಎಷ್ಟು ಹೊತ್ತಾಯಿತು.

“ಎಲ್ಲಿ?” ಎಂದರು ಕೋದಂಡಪ್ಪ. ತಮ್ಮ ತೆಲುಗೇ ಅವರಿಗೆ ಮರೆತುಹೋಗಿತ್ತು.

ಅವಳು ಗಲ್ಲದಿಂದಲೇ ಹಿಂದಕ್ಕೆ ತೋರಿಸಿದಳು. ಇಬ್ಬರೂ ತಿರುಗಿ ನೋಡಿದರು. ಹಳ್ಳವೇ ಇರಲಿಲ್ಲ. ಬೆಳಿಗ್ಗೆ ಅಂಬಲಿ ತುಂಬಿದ್ದ ಜಾಗದಲ್ಲಿ ಈಗ ಹೊಳೆಯುವ ಕೆಸರು, ನಡುವೆ ಪಾದ ಮುಳುಗುವಷ್ಟು ತೆಳ್ಳಗಿನ ನೀರು. ಕೊಕ್ಕರೆಗಳು ಅದರಲ್ಲಿ ನಿಂತು ಹೆಕ್ಕುತ್ತಿದ್ದವು.

ಸಮುದ್ರದ ನೀರು ಏರುತ್ತದೆ, ಇಳಿಯುತ್ತದೆ ಎಂಬುದು ಕೋದಂಡಪ್ಪನವರಿಗೂ ಗೊತ್ತಿತ್ತು, ಶಾಲೆಯಲ್ಲಿ ಓದಿದ್ದರು. ಆದರೆ ಆ ಇಳಿತಕ್ಕೆ ತೆಲುಗಿನಲ್ಲಿ ಆಟು ಎಂಬ ಹೆಸರಿದೆಯೆಂದು ಬಂಗಾರಪೇಟೆಯ ತೆಲುಗಿಗೆ ಯಾರು ಹೇಳಬೇಕು? ಅಲ್ಲಿ ನೀರು ಕೆರೆಗೆ ಮಳೆಯಿಂದ ಬರುತ್ತದೆ, ಬೇಸಿಗೆಯಲ್ಲಿ ಹೋಗುತ್ತದೆ. ದಿನಕ್ಕೆರಡು ಸಲ ಬಂದು ಹೋಗುವುದು ಬೆಂಗಳೂರು ರೈಲು ಮಾತ್ರ. ಅಮಾವಾಸ್ಯೆಗೆ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಅದೇ ಪೆದ್ದ ಆಟು, ದೊಡ್ಡ ಇಳಿತ.

ಸೆಲ್ವರಾಜ ಮೊದಲು ಅರ್ಥ ಮಾಡಿಕೊಂಡ. ಒಂದು ಗಳಿಗೆ ತುಟಿ ಕಚ್ಚಿದ. ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೇ ಕೂತ. “ಏಳೆಂಟು ಜನ ಕೂರ್ತಾರೆ ಅಂದ್ರಲ್ಲ ಮಾಮ. ಪೆದ್ದ ಆಟು. ಪೆದ್ದರು ನಾವು.”

“ನಕ್ಕಿದ್ದು ಸಾಕು. ಗಾಡಿ ತೆಗಿ,” ಎಂದರು ಕೋದಂಡಪ್ಪ. ಅವರಿಗೆ ನಗು ಬರಲಿಲ್ಲ. ಆ ಹೆಂಗಸಿನ ಮೇಲೆ, ಬಲೆಯವನ ಮೇಲೆ, ಒಂದೇ ಶಬ್ದವನ್ನು ಎರಡು ಕೆಲಸಕ್ಕೆ ಹಚ್ಚಿದ ಭಾಷೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಇಷ್ಟು ಹೊತ್ತು ದೇವರು ತಾನೇ ಬಾಗಿಲು ತೆರೆದುಕೊಂಡು ಕಾದಿದ್ದ, ತಾವು ಅವನಿಗೆ ಬೆನ್ನು ತಿರುಗಿಸಿ ಕೂತಿದ್ದೆವು ಎಂಬುದು ಎಲ್ಲಕ್ಕಿಂತ ಹೆಚ್ಚು ಉರಿಯಿತು.

ನೀರು ಮತ್ತೆ ಏರುವುದಕ್ಕೆ ಶುರುವಾಗುತ್ತದೆ, ಬೇಗ ಹೋಗಿ ಬೇಗ ಬನ್ನಿ ಎಂದಳು ಹೆಂಗಸು. ಬೈಕು ಹಳ್ಳವನ್ನೇನೋ ದಾಟಿತು. ಆಚೆಯ ಸಡಿಲ ಮರಳಿನಲ್ಲಿ ಅರ್ಧ ಚಕ್ರ ಹೂತು ನಿಂತಿತು. ಅದನ್ನು ಅಲ್ಲೇ ಬಿಟ್ಟು, ಬ್ಯಾಗು ಹೊತ್ತುಕೊಂಡು ಇಬ್ಬರೂ ಸರ್ವೆ ಮರಗಳ ಮಧ್ಯೆ ನಡೆದರು. ಮರಗಳು ಮುಗಿದವು.

ನರಸಮ್ಮ ಫೋನಿನಲ್ಲಿ ನೋಡಿದ್ದು ಹಾಗೆಯೇ ಇತ್ತು. ಎಡಕ್ಕೂ ಬಲಕ್ಕೂ ಕಣ್ಣು ಹಾಯುವವರೆಗೆ ಒಬ್ಬ ಮನುಷ್ಯನಿಲ್ಲ. ಕೆಂಪು ಏಡಿಗಳು ಕಾಲಸಪ್ಪಳಕ್ಕೆ ಬಿಲ ಸೇರಿದವು. ಕೋದಂಡಪ್ಪನವರು ಚಪ್ಪಲಿ ಬಿಟ್ಟು, ಪೂರ್ವಕ್ಕೆ ತಿರುಗಿ, ಸಮುದ್ರರಾಜನಿಗೆ ಅರಿಸಿನ ಕುಂಕುಮ ಹೂವು ಅರ್ಪಿಸಿ, ನೀರಿಗಿಳಿದರು. ಕುಡಿಕೆಯ ಬಾಯಿ ಬಿಚ್ಚಿ, ಅಕ್ಕಿ ಎಳ್ಳು ಹಾಕಿ, ಕೃಷ್ಣಾರ್ಪಣ ಎಂದು ಅಲೆಯ ಮೇಲೆ ಬಿಟ್ಟರು.

ಅಲೆ ಅದನ್ನು ಒಂದು ಮಾರು ಒಯ್ದಿತು. ಮುಂದಿನ ಅಲೆ ತಂದು ಅವರ ಕಾಲಬಳಿಯೇ ಇಟ್ಟಿತು.

ಇನ್ನೂ ಸ್ವಲ್ಪ ಮುಂದೆ ಹೋಗಿ ಬಿಟ್ಟರು. ಮತ್ತೆ ಬಂತು. ಹೂವು ಎಳ್ಳು ಎಲ್ಲ ಹೋದವು. ಕುಡಿಕೆ ಮಾತ್ರ ಬಾಯ್ತುಂಬ ಮರಳು ತುಂಬಿಕೊಂಡು, ಅಸ್ಥಿಯನ್ನು ಒಳಗೇ ಇಟ್ಟುಕೊಂಡು ವಾಪಸು ಬಂತು. ನೀರು ಏರಲು ಶುರುವಾಗಿತ್ತು, ಸಮುದ್ರ ಎಲ್ಲವನ್ನೂ ದಡಕ್ಕೇ ತಳ್ಳುತ್ತಿತ್ತು. ಮೂರನೆಯ ಸಲ ಸೊಂಟದವರೆಗೆ ಹೋದರು. ಅಲೆ ಅವರನ್ನೂ ಕೆಡವಿತು, ಕುಡಿಕೆಯನ್ನೂ ತಂದಿತು. ಉಪ್ಪುನೀರು ಕುಡಿದು ಕೆಮ್ಮುತ್ತ, ಮಂಡಿಯೂರಿ ಕುಡಿಕೆಯನ್ನು ಎತ್ತಿಕೊಂಡರು.

“ಇದೇ ಬೇಕು ಅಂದೆ, ಇಲ್ಲೀಗಂಟ ಬಂದೆ. ಇನ್ನೇನೇ ನಿಂದು? ಓಗ್ಬಾರ್ದೇನೇ?” ಎಂದು ಕುಡಿಕೆಯನ್ನೇ ಕೇಳಿದರು. ಇಷ್ಟು ತಿಂಗಳು ದೀಪ ಹಚ್ಚಿ ಹಚ್ಚಿಯೂ ಅವಳ ಹತ್ತಿರ ಇಷ್ಟು ಮಾತಾಡಿರಲಿಲ್ಲ. ಬಿಸಿಲು ಸರ್ವೆ ಮರಗಳ ತುದಿಗೆ ಬಂದಿತ್ತು.

ಸೆಲ್ವರಾಜ ನೀರಿನ ಅಂಚಿನಲ್ಲೇ ನಿಂತಿದ್ದ. ಕರೆಯದೆ ಹತ್ತಿರ ಬರಲಿಲ್ಲ.

“ಈಜು ಬತ್ತದೇನ್ಲಾ?” ಎಂದರು ಕೋದಂಡಪ್ಪ, ತಿರುಗಿ ನೋಡದೆ.

“ಬರುತ್ತೆ ಮಾಮ.”

“ಎಲ್ಲಿ ಕಲ್ತೆ?”

“ಕೆಜಿಎಫಲ್ಲೇ. ಹಳೇ ಕ್ವಾರಿ ನೀರಲ್ಲಿ.”

“ಆ ನೀರಲ್ಲಿ ಈಜಿದೋನಿಗೆ ಇದೇನ್ ಮಾಡ್ತದೆ. ಆ ಕ್ಯಾಮೆರಾ ಬಿಚ್ಚಿ ಮರದ ಅತ್ರ ಇಟ್ಟು ಬಾ. ಮೂರು ಸಲ ತಲೆ ಮುಳುಗ್ಸು. ಆಮೇಲೆ ಕೈ ಚಾಚು.”

ಸೆಲ್ವರಾಜ ಹೇಳಿದ ಹಾಗೆ ಮಾಡಿದ. ಕೋದಂಡಪ್ಪನವರು ಕುಡಿಕೆಯ ಬಾಯಿಯ ಮರಳನ್ನು ಬೆರಳಿನಿಂದ ತೆಗೆದು, ಮತ್ತೊಮ್ಮೆ ಎಳ್ಳು ಹಾಕಿ, ಅವನ ಬೊಗಸೆಯಲ್ಲಿ ಇಟ್ಟರು. ತಕ್ಷಣ ಕೈ ಬಿಡಲಾಗಲಿಲ್ಲ. ಆಮೇಲೆ ಬಿಟ್ಟರು.

“ಮಂತ್ರ ಏನಾದ್ರೂ ಹೇಳ್ಬೇಕಾ ಮಾಮ? ನನಗೆ ಬರಲ್ಲ.”

“ನೀನು ಅವಳನ್ನ ಏನಂತ ಕರೀತಿದ್ದೆ?”

“ಅತ್ತೆ ಅಂತ.”

“ಅಂಗೇ ಕರೆದು ಬಿಡು.”

ಅವನು ಎಡಗೈಯಲ್ಲಿ ಕುಡಿಕೆಯನ್ನು ತಲೆಯ ಮೇಲೆ ಹಿಡಿದು, ಬಲಗೈಯಲ್ಲಿ ನೀರು ಸೀಳುತ್ತ ಹೋದ. ಮೊದಲ ಅಲೆ ದಾಟಿದ, ಎರಡನೆಯದು ದಾಟಿದ. ಮೂರನೆಯದು ಎದ್ದು ಅವನನ್ನು ಮುಚ್ಚಿಕೊಂಡಿತು. ಕೋದಂಡಪ್ಪನವರಿಗೆ ನೀರು ಬಿಟ್ಟರೆ ಏನೂ ಕಾಣಲಿಲ್ಲ. ಕಲಾಳ ಮುಖ ಕಣ್ಣ ಮುಂದೆ ಬಂತು. ಗಂಗಮ್ಮನಿಗೆ ಹರಕೆ ಹೊತ್ತರು. ಏನೆಂದು ಹೊತ್ತರೋ ಅವರಿಗೇ ತಿಳಿಯಲಿಲ್ಲ. ತಾವೂ ಎದೆಮಟ್ಟದ ನೀರಿಗೆ ಇಳಿದಿದ್ದರು, ಅದೂ ತಿಳಿದಿರಲಿಲ್ಲ.

ಅಲೆಯ ಆಚೆ ಕಪ್ಪು ತಲೆಯೊಂದು ಎದ್ದಿತು. ಗಾಳಿಯಲ್ಲಿ ಅವನ ದನಿ ಒಂದೇ ಒಂದು ಶಬ್ದವಾಗಿ ದಡದವರೆಗೆ ಬಂತು. ಎರಡು ಕೈಯೂ ಮೇಲೆದ್ದವು. ಎರಡೂ ಖಾಲಿ.

ಅವನು ಏದುಸಿರು ಬಿಡುತ್ತ ಈಚೆಗೆ ಬಂದಾಗ ಕೋದಂಡಪ್ಪನವರು ತೋಳು ಹಿಡಿದು ಎಳೆದುಕೊಂಡು ದಡಕ್ಕೆ ತಂದರು. ಒಣಗಿದ್ದದ್ದು ಒಂದೇ ಟವೆಲ್ಲು. ಅದರಿಂದ ಅವನ ತಲೆಯನ್ನು ಕರು ತಿಕ್ಕಿದ ಹಾಗೆ ಗಸಗಸ ತಿಕ್ಕತೊಡಗಿದರು.

“ಅಷ್ಟು ದೂರ ಓಗು ಅಂದೋರು ಯಾರು ನಿಂಗೆ? ಎಚ್ಚುಕಮ್ಮಿ ಆಗಿದ್ರೆ ನಿನ್ನ ಎಂಡ್ತಿಗೆ ನಾ ಏನ್ ಏಳ್ಲಿ? ಬುದ್ಧಿ ಬ್ಯಾಡ್ವಾ? ನಿಂತ್ಕ, ಅಲ್ಲಾಡ್ಬೇಡ.”

“ಮೆಲ್ಲಗೆ ಮಾಮ, ಕಿವಿ.”

“ಕಿವಿ ಅಂತೆ. ಕಿವಿ ಇದ್ದಿದ್ರೆ ಮಾತು ಕೇಳ್ತಿದ್ದೆ.”

ಹಿಂದೆ ಹಳ್ಳ ತುಂಬುತ್ತಿತ್ತು. ಬೈಕು ಹೂತಲ್ಲೇ ಇತ್ತು. ಬೆಳಗಿನವರೆಗೆ ಇಲ್ಲೇ ಇರಬೇಕೆಂಬುದು ಇಬ್ಬರಿಗೂ ಗೊತ್ತಾಗಿತ್ತು. ಕೋದಂಡಪ್ಪನವರು ಮರಳಿನ ಮೇಲೆ ಕೂತು ಹುಳಿಯನ್ನದ ಡಬ್ಬಿ ಬಿಚ್ಚಿದರು. ಮೊದಲ ತುತ್ತನ್ನು ನೀರಿನ ಅಂಚಿಗೆ ಇಟ್ಟು ಬಂದರು. ಎರಡನೆಯದನ್ನು ಡಬ್ಬಿಯ ಮುಚ್ಚಳಕ್ಕೆ ಬಡಿಸಿ ಅಳಿಯನ ಮುಂದೆ ತಳ್ಳಿದರು.

“ತಿನ್ನು. ಕಡ್ಲೇಬೀಜ ಎಲ್ಲ ನಿನ್ನ ಕಡೇಗೇ ಬಂದೈತೆ ನೋಡು,” ಎಂದು ಗೊಣಗಿದರು.